ಲೋಳೆಯ ಒಳಗುಟ್ಟು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಮೋರಿಯಲ್ಲಿ ಮುಸುರೆ ತಿಕ್ಕಿದವರಿಗೆ ಲೋಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನೀರಿನ ಡ್ರಮ್ಮಿನ ಒಳಮೈ, ನಲ್ಲಿಯ ಬಾಯಿ, ತರಕಾರಿ ಹೆಚ್ಚುವ ಮಣೆಯ ಗೀರು, ಗಿರಣಿಯ ನೀರಿನ ಕೊಳವೆ, ಎಲ್ಲೆಲ್ಲಿ ತೇವ ನಿಲ್ಲುವುದೋ ಅಲ್ಲೆಲ್ಲ ಅದು ಹಾಜರು. ಬರಿಯ ನೀರು ಸುರಿದರೆ ಹೋಗದು. ಏಕೆ ಹೋಗದು ಎಂಬುದನ್ನು ಇಂದು ನಾವು ವಿಚಾರ ಮಾಡೋಣ.

ಲೋಳೆಯೆಂದರೆ ಬರಿಯ ಕೊಳೆಯಲ್ಲ. ಬ್ಯಾಕ್ಟೀರಿಯಾಗಳೆಂಬ ಸೂಕ್ಷ್ಮಜೀವಿಗಳು ಕಟ್ಟಿಕೊಂಡ ಚಾಳು. ಒಂದು ಮಿಲಿಮೀಟರಿನ ಉದ್ದಕ್ಕೆ ಇವುಗಳಲ್ಲಿ 500ರಿಂದ 1000ವನ್ನು ಸಾಲಾಗಿ ನಿಲ್ಲಿಸಬಹುದು. ಕಣ್ಣಿಲ್ಲ, ಕೈಯಿಲ್ಲ. ಹಾಗಾದರೆ ಗೋಡೆ ಸಿಕ್ಕಿತೆಂದು ಅವಕ್ಕೆ ತಿಳಿಯುವುದು ಹೇಗೆ?

ಕಾಲೊಬ್ಯಾಕ್ಟರ್ ಎಂಬ ಸಿಹಿನೀರಿನ ಜೀವಿಯನ್ನೇ ನೋಡಿರಿ. ಅದರ ಮೈಯಿಂದ ಅತಿ ತೆಳುವಾದ ಎಳೆಗಳು ಹೊರಡುತ್ತವೆ. ಅವನ್ನು ಹೊರಗೆ ಚಾಚುವುದು, ಒಳಗೆ ಎಳೆದುಕೊಳ್ಳುವುದು ನಡೆದೇ ಇರುತ್ತದೆ. ಎಳೆಯ ತುದಿ ಗಟ್ಟಿ ವಸ್ತುವಿಗೆ ಅಂಟಿತೆಂದರೆ ಒಳಗೆಳೆಯುವುದಕ್ಕೆ ತಡೆಯಾಗುತ್ತದೆ. ಬಾವಿಗೆ ಬಿಟ್ಟ ಹಗ್ಗ ಕಲ್ಲಿಗೆ ಸಿಕ್ಕಿಕೊಂಡರೆ ಕೈಗೆ ಗೊತ್ತಾಗುವುದಿಲ್ಲವೇ? ಹಾಗೆಯೇ. ಆ ಬಿಗಿತವೇ ಸುದ್ದಿ. ಕೂಡಲೇ ಜೀವಿ ಅಂಟು ಸ್ರವಿಸಿ ಅಲ್ಲಿಯೇ ಠಾಣ್ಯ ಹೂಡುತ್ತದೆ. 2017ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎಳೆಗೆ ದೊಡ್ಡ ಅಣುವನ್ನು ತಗುಲಿಸಿ, ಅದನ್ನು ಒಳಗೆಳೆಯಲಾಗದಂತೆ ಮಾಡಿದರು. ಗೋಡೆ ಮುಟ್ಟದಿದ್ದರೂ ಜೀವಿಗಳು ಅಂಟು ಸುರಿಸಿದವು! ಎಲ್ಲ ಜಾತಿಗಳ ಉಪಾಯವೂ ಇದೇ ಅಲ್ಲ. ಈಜುವ ಬಾಲದ ತಿರುಗುವಿಕೆಗೆ ತಡೆಯಾದಾಗ ತಿಳಿದುಕೊಳ್ಳುವ ಜಾತಿಗಳೂ ಇವೆ.

ಹೀಗೆ ನೆಲೆ ನಿಂತವು ಒಂದು ಎರಡಾಗಿ, ಎರಡು ನಾಲ್ಕಾಗಿ, ಸುತ್ತಲೂ ಲೋಳೆಯ ಗೋಡೆ ಕಟ್ಟಿಕೊಳ್ಳುತ್ತವೆ. ಬಿಡಿಯಾಗಿದ್ದಾಗ ಸಾಯುವಷ್ಟು ಔಷಧಿಗೆ ಒಟ್ಟಾದ ಮೇಲೆ ಜಗ್ಗುವುದಿಲ್ಲ.

ಇದನ್ನು ಬಹು ಹಿಂದೆಯೇ ಕಂಡವನು ಒಬ್ಬ ಬಟ್ಟೆ ವ್ಯಾಪಾರಿಯೆಂಬುದು ಗಿರಣಿಯ ಬಂಧುಗಳಿಗೆ ಸಂತೋಷದ ವಿಷಯ. ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ 1683ರಲ್ಲಿ, ತಾನೇ ಮಾಡಿದ ಮಸೂರದಿಂದ ತನ್ನ ಹಲ್ಲಿನ ಪಾಚಿಯಲ್ಲಿದ್ದ ಜೀವಿಗಳನ್ನು ವರ್ಣಿಸಿ ಬರೆದ. ವಿನೆಗರಿನಿಂದ ಬಾಯಿ ಮುಕ್ಕಳಿಸಿದರೆ ಪಾಚಿಯ ಹೊರಗಿನವು ಮಾತ್ರ ಸಾಯುತ್ತವೆ, ಒಳಗಿನವು ಉಳಿಯುತ್ತವೆ ಎಂಬುದನ್ನೂ ಅವನು ಕಂಡುಕೊಂಡ.

ಇದರಿಂದ ನಾವು ಕಲಿಯಬೇಕಾದ ಪಾಠ ಸರಳ. ಲೋಳೆಯ ಮೇಲೆ ಬ್ಲೀಚಿಂಗ್ ಪೌಡರಿನ ನೀರು ಸುರಿದು ಕೈತೊಳೆದುಕೊಂಡರೆ ಕೆಲಸವಾಗದು. ಮೊದಲು ಸಾಬೂನು ಹಾಕಿ ಬ್ರಷ್ಷಿನಿಂದ ಗಸಗಸ ತಿಕ್ಕಬೇಕು, ನೀರಿನಿಂದ ತೊಳೆಯಬೇಕು, ಆಮೇಲೆ ಔಷಧಿ, ಕೊನೆಗೆ ಚೆನ್ನಾಗಿ ಒಣಗಿಸಬೇಕು. ನಮ್ಮ ಖೋಲಿಯ ಕುಡಿಯುವ ನೀರಿನ ಡ್ರಮ್ಮಿಗೂ ಇದೇ ನಿಯಮ.

ಗಿರಾಕಿಯ ಹೊಟ್ಟೆ ಕೆಟ್ಟರೆ ಮೊದಲು ಬೈಗುಳ ತಿನ್ನುವವರು ತಿಕ್ಕುವ ನಾವೇ. ಆದರೆ ತಿಕ್ಕಲು ಬ್ರಷ್ ಬೇಕು, ಸಾಬೂನು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಹೊತ್ತು ಬೇಕು. ಅಂಗಡಿ ಮುಚ್ಚುವಾಗ ಐದೇ ನಿಮಿಷ ಕೊಟ್ಟು, ಶುಚಿಯಿಲ್ಲವೆಂದು ದೂರಿದರೆ ನ್ಯಾಯವೇ? ನಮ್ಮ ಕೆಲಸವನ್ನು ನಾವು ಸರಿಯಾಗಿ ಮಾಡೋಣ; ಅದಕ್ಕೆ ತಕ್ಕ ಸಾಮಾನನ್ನೂ ಸಮಯವನ್ನೂ ಎಲ್ಲರೂ ಒಂದಾಗಿ ಕೇಳೋಣ. ಒಟ್ಟಾಗಿ ನಿಂತವರನ್ನು ಕದಲಿಸುವುದು ಕಷ್ಟವೆಂದು ಈ ಕಣ್ಣಿಲ್ಲದ ಜೀವಿಗಳಿಗೂ ಗೊತ್ತಿದೆ.