ಸಮಾಧಿಯಿಂದ ಎದ್ದು ಬಂದ ಮಗ್ಗ

ಮಡಕೆ ಒಡೆದರೂ ಮಣ್ಣಿನಲ್ಲಿ ಅದರ ಚೂರು ಸಿಗುತ್ತದೆ. ಕಂಚು ಕಿಲುಬು ಹಿಡಿದೂ ಬಾಳುತ್ತದೆ. ರೇಷ್ಮೆ ಹಾಗಲ್ಲ, ಕೊಳೆತು ಮಣ್ಣೇ ಆಗಿಬಿಡುತ್ತದೆ. ಹೀಗೆ ಅಳಿದುಹೋಗುವ ವಸ್ತುವಿನ ಚರಿತ್ರೆಯನ್ನು ಕಾಪಾಡಲೆಂದೇ ಚೀನಾದ ಹಾಂಗ್‌ಝೌ ನಗರದಲ್ಲಿ, ಪಶ್ಚಿಮ ಸರೋವರದ ಬಳಿ, ಒಂದು ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಅದು ಬಾಗಿಲು ತೆರೆದದ್ದು 1992ರಲ್ಲಿ.

ಊರಿನ ಆಯ್ಕೆ ಸರಿಯಾಗಿಯೇ ಇದೆ. ಅದೇ ಪ್ರಾಂತ್ಯದ ಹುಝೌ ಬಳಿ 1950ರ ದಶಕದಲ್ಲಿ ಅಗೆದಾಗ 4,000 ವರ್ಷಕ್ಕೂ ಹಳೆಯ ರೇಷ್ಮೆ ಬಟ್ಟೆಯ ತುಣುಕುಗಳು ಸಿಕ್ಕಿದ್ದವು. ಲೇಝು ಎಂಬ ರಾಣಿಯ ಚಹಾ ಬಟ್ಟಲಿಗೆ ಗೂಡು ಬಿದ್ದು ಎಳೆ ಬಿಚ್ಚಿಕೊಂಡಿತು ಎಂಬ ಕಥೆಯನ್ನು ಚೀನೀಯರು ಇಂದಿಗೂ ಹೇಳುತ್ತಾರೆ. ಕಥೆಯಾದರೂ ಅದರಲ್ಲಿ ಕಸುಬಿನ ಅನುಭವವಿದೆ: ಬಿಸಿನೀರು ತಾಗಿ ಅಂಟು ಸಡಿಲವಾಗದೆ ಗೂಡು ನೂಲು ಕೊಡುವುದಿಲ್ಲ. ಹಿಪ್ಪುನೇರಳೆ ಸೊಪ್ಪು, ನಾಲ್ಕು ಜ್ವರ, ಹಣ್ಣಾದ ಹುಳು, ಗೂಡು, ಇವನ್ನೆಲ್ಲ ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಳೆಯ ಸಂಸ್ಕೃತದಲ್ಲಿ ರೇಷ್ಮೆ ವಸ್ತ್ರಕ್ಕೆ ‘ಚೀನಾಂಶುಕ’ ಎಂಬ ಹೆಸರೂ ಉಂಟು.

ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ ಹೋಗುವುದು ಮಗ್ಗದ ಕಡೆಗೆ. 1995ರಲ್ಲಿ ಷಿನ್‌ಜಿಯಾಂಗ್‌ನ ಮರಳುಗಾಡಿನಲ್ಲಿ, ನಿಯಾ ಎಂಬಲ್ಲಿನ ಸಮಾಧಿಯಲ್ಲಿ, ಒಂದು ತೋಳಪಟ್ಟಿ ದೊರೆಯಿತು. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು. ಐದು ಬಣ್ಣ, ಹಕ್ಕಿ, ಮೃಗ, ನಡುನಡುವೆ ಪೂರ್ವದಲ್ಲಿ ಐದು ಗ್ರಹಗಳು ಮೂಡುವ ಶುಭಸೂಚನೆಯ ಅಕ್ಷರಗಳು. ಮರಳಿನ ಒಣಹವೆ ಅದನ್ನು ಉಳಿಸಿತ್ತು. ಆದರೆ ಹಾನ್ ರಾಜವಂಶದ ಕಾಲದ ನೇಕಾರರು ಅದನ್ನು ಎಂಥ ಮಗ್ಗದ ಮೇಲೆ ನೇಯ್ದರು? ಬಟ್ಟೆ ಕಣ್ಣೆದುರಿಗಿತ್ತು, ನೇಯುವ ಸಾಧನ ಕಾಣೆಯಾಗಿತ್ತು.

ಉತ್ತರ ಸಿಕ್ಕಿದ್ದು ಬಹು ದೂರದ ಚೆಂಗ್ಡು ನಗರದಲ್ಲಿ. ಅಲ್ಲಿನ ಲಾವೊಗುವಾನ್‌ಶಾನ್‌ನಲ್ಲಿ 2012–13ರಲ್ಲಿ ಅಗೆದಾಗ, ಕ್ರಿಸ್ತಪೂರ್ವ ಎರಡನೇ ಶತಮಾನದ ಹೆಂಗಸೊಬ್ಬಳ ಸಮಾಧಿಯಲ್ಲಿ ಮರ, ಬಿದಿರಿನ ನಾಲ್ಕು ಪುಟ್ಟ ಮಗ್ಗಗಳಿದ್ದವು. ಚಿತ್ತಾರ ನೇಯುವ ಮಗ್ಗಕ್ಕೆ ಸಿಕ್ಕ ಅತಿ ಹಳೆಯ ಸಾಕ್ಷಿ ಅದೇ. ಹಾಂಗ್‌ಝೌ ಸಂಗ್ರಹಾಲಯದವರು, ಆಗ ನಿರ್ದೇಶಕರಾಗಿದ್ದ ಝಾವೊ ಫೆಂಗ್ ಅವರ ನೇತೃತ್ವದಲ್ಲಿ, ಆ ಮಾದರಿಗಳನ್ನು ಅಳೆದು ಪೂರ್ಣ ಗಾತ್ರದ ಮಗ್ಗ ಕಟ್ಟಿದರು. ಅದರ ಮೇಲೆ 10,000ಕ್ಕೂ ಹೆಚ್ಚು ಎಳೆಗಳ ಹಾಸು ಹೂಡಿದರು. ಚಿತ್ತಾರವೆಲ್ಲ ಇರುವುದು ಈ ಬಣ್ಣದ ಹಾಸಿನಲ್ಲೇ. ಲಾಳಿ ಒಂದು ಸಲ ಓಡುವ ಮುನ್ನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದು ಮೊದಲೇ ಗೊತ್ತಾಗಿರಬೇಕು. ಅದಕ್ಕೆಂದೇ ಎಳೆ ಎತ್ತುವ ಚೌಕಟ್ಟುಗಳು ಸಾಲಾಗಿ ನಿಂತಿವೆ. ಒಂದೆಳೆ ತಪ್ಪಿದರೆ ಹಕ್ಕಿಯ ರೆಕ್ಕೆ ಮುರಿಯುತ್ತದೆ. ಅಷ್ಟು ತಾಳ್ಮೆಯಿಂದ ಆ ತೋಳಪಟ್ಟಿಯ ಬಟ್ಟೆಯನ್ನು ಅವರು ಮರಳಿ ನೇಯ್ದರು. ಯಾವುದೇ ಅರಮನೆಯ ಪೀತಾಂಬರಕ್ಕಿಂತ ಈ ಕೆಲಸವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಸಮಾಧಿಯಲ್ಲಿ ಆ ಮಗ್ಗಗಳ ಜೊತೆ ಬಣ್ಣ ಬಳಿದ ಮರದ ಗೊಂಬೆಗಳೂ ಇದ್ದವು, ನೇಕಾರರ ಗೊಂಬೆಗಳು. ಮಗ್ಗಗಳ ಮೇಲೆ ರೇಷ್ಮೆ ಎಳೆಯ ಚೂರುಗಳು ಇನ್ನೂ ಅಂಟಿಕೊಂಡಿದ್ದವು.