ಹೊರೆ ಹೊತ್ತವರ ಮಾತು

ತುಮಕೂರು, ಗುಬ್ಬಿ, ಕುಣಿಗಲ್‌ಗಳ ಹಳೆಯ ಕ್ರೈಸ್ತ ಸಭೆಗಳ ಬೇರು ವೆಸ್ಲಿಯನ್ ಮಿಷನ್ನಿನಲ್ಲಿದೆ. ಅದರ ಮಿಷನರಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಮಿಷನ್ ಕೇಂದ್ರ ತೆರೆದದ್ದು 1837ರಲ್ಲಿ. 1947ರಲ್ಲಿ ಈ ಸಭೆಗಳು ದಕ್ಷಿಣ ಭಾರತ ಸಭೆಯೊಳಗೆ ಒಂದಾದವು. ಈ ಸಭೆಗಳಲ್ಲಿ ಓದುವ ಯೋಹಾನನ ಸುವಾರ್ತೆ, ಕ್ರಿಸ್ತನಲ್ಲಿ ಕೃಪೆಯೂ ಸತ್ಯವೂ ಒಟ್ಟಿಗೇ ತುಂಬಿದ್ದವೆಂದು ಸಾರುತ್ತದೆ. ನಾವಾದರೋ ಅವೆರಡನ್ನೂ ಪಾಲು ಮಾಡಿಬಿಡುತ್ತೇವೆ: ನಮ್ಮವರು ತಪ್ಪಿದರೆ ಕೃಪೆ, ಪರರು ತಪ್ಪಿದರೆ ಸತ್ಯ. ಈ ಪಕ್ಷಪಾತಕ್ಕೆ ಮದ್ದು ಇದೇ ವೆಸ್ಲಿಯನ್ ಪರಂಪರೆಯ ಮೊದಲ ದಿನಗಳಲ್ಲೇ ಇದೆ.

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಈ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿಯವರ ಬಳಗದ ಮೇಲೆ ಕಟ್ಟಡದ ಸಾಲವಿತ್ತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂಬ ಸಲಹೆ ಬಂತು. ಬಡವರ ಕೈಲಿ ಅದೂ ಆಗದಲ್ಲ ಎಂದಾಗ, ಕ್ಯಾಪ್ಟನ್ ಫಾಯ್ ಎಂಬವರು ಕಡುಬಡವರಾದ ಹನ್ನೊಂದು ಜನರನ್ನು ತಮಗೆ ವಹಿಸಬೇಕೆಂದೂ ಅವರಿಂದಾಗದಿದ್ದರೆ ತಾವೇ ತುಂಬುವುದಾಗಿಯೂ ಹೇಳಿದರು. ಉಳಿದವರೂ ಹಾಗೇ ಒಪ್ಪಿಕೊಂಡು ಪೆನ್ನಿ ಕೇಳಲು ವಾರವಾರವೂ ಮನೆಮನೆಗೆ ಹೋದಾಗ ಒಬ್ಬ ಕುಡಿದಿದ್ದ, ಇನ್ನೊಬ್ಬ ಹೆಂಡತಿಯೊಡನೆ ಜಗಳಕ್ಕೆ ನಿಂತಿದ್ದ. ಅಲ್ಲಿಂದಲೇ, ಹೀಗೆ ವಹಿಸಿಕೊಂಡ ಗುಂಪಿನ ಮುಖಂಡ ಪ್ರತಿ ವಾರ ಒಬ್ಬೊಬ್ಬರನ್ನೂ ಕಂಡು ಬುದ್ಧಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು, ನೊಂದಿದ್ದರೆ ಸಂತೈಸಬೇಕು ಎಂಬ ಪದ್ಧತಿ ಬೆಳೆಯಿತು. ಇಲ್ಲಿನ ಅನುಕ್ರಮ ಗಮನಿಸಬೇಕು. ಬಡವನ ಪಾಲು ತುಂಬಲು ಒಪ್ಪಿದವರೇ ಅವನಿಗೆ ಸತ್ಯ ಹೇಳಿದರು. ಯೇಸು ಸುಂಕ ವಸೂಲಿಗಾರ ಜಕ್ಕಾಯನಲ್ಲಿಗೆ ಹೋದದ್ದೂ ಮೊದಲು ಅತಿಥಿಯಾಗಿ. ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದು ಜಕ್ಕಾಯ ನುಡಿದದ್ದು ಆಮೇಲೆ. ಸತ್ಯ ಹೇಳುವ ಹಕ್ಕು ಹೊರೆ ಹೊತ್ತವರದು. ಹೊರೆ ಹೊತ್ತಮೇಲೆ ಸುಮ್ಮನಿರುವುದೂ ಕೃಪೆಯಲ್ಲ.

ಹಾಗಾದರೆ ಅನ್ಯಾಯದ ಎದುರು ದನಿಯೆತ್ತುವವರು ಅನ್ಯಾಯ ಮಾಡಿದವನ ಹೊರೆಯನ್ನೂ ಹೊರಬೇಕೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬಲಹೀನರೊಬ್ಬರು ಹಿಂಸೆಗೆ ಸಿಕ್ಕಾಗ, ಸಭೆಯ ಹಣ ದುರುಪಯೋಗವಾದಾಗ, ನಾವು ಹೊರಬೇಕಾದ ಮೊದಲ ಹೊರೆ ನೊಂದವರದು. ಅಲ್ಲಿ ಕ್ಷಮೆಯ ಹೆಸರಿನಲ್ಲಿ ಮೌನ ವಹಿಸಿದರೆ ನೊಂದವರಿಗೆ ಕೃಪೆಯೂ ಇಲ್ಲ, ಸತ್ಯವೂ ಇಲ್ಲ. ತಪ್ಪಿತಸ್ಥನಿಗೆ ಕ್ಷಮೆ ಸಿಕ್ಕಿತೆಂದು ಅವನು ಲೆಕ್ಕ ಒಪ್ಪಿಸುವುದು ತಪ್ಪಬಾರದು. ಇನ್ನು, ವಾರವಾರ ವಿಚಾರಿಸುವ ಪದ್ಧತಿ ಪರರ ಮನೆಯೊಳಗೆ ಇಣುಕುವ ಚಟವಾಗದೇ ಎಂಬ ಅಂಜಿಕೆಯೂ ಸುಳ್ಳಲ್ಲ. ಅದಕ್ಕೆ ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯ ಕಡಿವಾಣ ಹಾಕುತ್ತದೆ: ಸಹೋದರನ ತಪ್ಪನ್ನು ಮೊದಲು ಅವನೊಬ್ಬನಿಗೇ ಹೇಳಬೇಕು, ಕೇಳದಿದ್ದರೆ ಒಬ್ಬಿಬ್ಬರ ಮುಂದೆ, ಆಮೇಲಷ್ಟೇ ಸಭೆಗೆ. ಈ ಮೆಟ್ಟಿಲುಗಳನ್ನು ಹಾರಿ ಬೀದಿಯಲ್ಲಿ ಆಡಿದ ಮಾತು ನಿಜವೇ ಆಗಿದ್ದರೂ ಯಾರನ್ನೂ ತಿದ್ದುವುದಿಲ್ಲ.

ಯಾರ ತಪ್ಪಾದರೂ ಇಂದು ನಮ್ಮ ಕಣ್ಣಿಗೆ ಬಿದ್ದರೆ, ಅವರ ಕಷ್ಟದಲ್ಲಿ ನಮ್ಮ ಹೆಗಲು ಎಲ್ಲಿದೆ ಎಂದು ಮೊದಲು ಕೇಳಿಕೊಳ್ಳೋಣ. ಎಲ್ಲೂ ಇಲ್ಲವಾದರೆ ಮೊದಲು ನೆರವಿಗೆ ಹೋಗೋಣ. ಆಮೇಲೆ, ಹೇಳಲೇಬೇಕಾದ್ದನ್ನು ಅವರ ಎದುರಿಗೇ ಹೇಳೋಣ.