ಬರಲಾಗದವರ ಲೆಕ್ಕ: ಅಂತರರಾಷ್ಟ್ರೀಯ ಸಮ್ಮೇಳನಗಳ ಸ್ಥಳ ನಿರ್ಣಯ ಕುರಿತು

ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಊರು ಗೊತ್ತುಮಾಡುವ ಸಮಿತಿಗಳ ಕಡತದಲ್ಲಿ ವಿಮಾನ ನಿಲ್ದಾಣದ ದೂರ, ಹೋಟೆಲ್ ಕೋಣೆಗಳ ಸಂಖ್ಯೆ, ಸಭಾಂಗಣದ ಬಾಡಿಗೆ ಇವೆಲ್ಲ ವಿವರವಾಗಿ ಇರುತ್ತವೆ. ಸುರಕ್ಷತೆ ಎಂಬ ತಲೆಬರಹದ ಕೆಳಗೆ ಕಳ್ಳತನ, ಗಲಭೆ, ಪೊಲೀಸ್ ಬಂದೋಬಸ್ತಿನ ಮಾತು ಬರುತ್ತದೆ. ಯಾರ ಸುರಕ್ಷತೆ ಎಂದು ಕೇಳುವ ಕಾಲಂ ಮಾತ್ರ ಅಪರೂಪ. ಆ ಪ್ರಶ್ನೆಯನ್ನು ಅತ್ಯಂತ ಕಟುವಾಗಿ, ಅತ್ಯಂತ ದೀರ್ಘಕಾಲ ಎದುರಿಸಿದ್ದು 1985ರಲ್ಲಿ ಅಟ್ಲಾಂಟಾದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ. ವಿಜ್ಞಾನಿಗಳ ಸಭೆಯಾಗಿ ಹುಟ್ಟಿ, ಕೆಲವೇ ವರ್ಷಗಳಲ್ಲಿ ಸೋಂಕಿನೊಡನೆ ಬದುಕುವವರೂ ವೇದಿಕೆ ಹಂಚಿಕೊಂಡ ಸಭೆ ಅದು. ಅದರ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ನಾನು ಮಂಡಿಸುವ ವಾದ ಇಷ್ಟು: ಸಭೆಯ ವಿಷಯ ಯಾರ ಬದುಕನ್ನು ಹೆಚ್ಚು ತಟ್ಟುತ್ತದೋ ಅವರು ಗಡಿ ದಾಟಿ ಒಳಗೆ ಬರಬಹುದೇ, ಬಂದು ಬಾಯಿ ಬಿಟ್ಟು ಮಾತಾಡಬಹುದೇ, ಮಾತಾಡಿ ಕ್ಷೇಮವಾಗಿ ಹಿಂತಿರುಗಬಹುದೇ ಎಂಬುದೇ ಆತಿಥೇಯ ನಗರದ ಯೋಗ್ಯತೆಯನ್ನು ಅಳೆಯುವ ಮೊದಲ ಅಳತೆಗೋಲಾಗಬೇಕು. ಮಿಕ್ಕಿದ್ದೆಲ್ಲ ಆಮೇಲೆ.

1987ರಲ್ಲಿ ಅಮೆರಿಕ ಎಚ್‌ಐವಿ ಸೋಂಕಿತ ವಿದೇಶಿಯರಿಗೆ ತನ್ನ ಬಾಗಿಲು ಮುಚ್ಚಿತು. ಮನುಷ್ಯರ ಸಾಮಾನ್ಯ ಒಡನಾಟದಿಂದ ಈ ಸೋಂಕು ಹರಡುವುದಿಲ್ಲವೆಂದು ಅಷ್ಟರಲ್ಲಾಗಲೇ ಸ್ಪಷ್ಟವಾಗಿದ್ದರೂ ನಿಷೇಧ ಬಂತು; ವಿಜ್ಞಾನ ಒಂದು ಕಡೆ, ಸೆನೆಟ್‌ನ ರಾಜಕೀಯ ಇನ್ನೊಂದು ಕಡೆ. 1989ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆರೋಗ್ಯ ಸಮ್ಮೇಳನವೊಂದಕ್ಕೆ ಹೊರಟಿದ್ದ ಡಚ್ ಏಡ್ಸ್ ಶಿಕ್ಷಣ ಕಾರ್ಯಕರ್ತರೊಬ್ಬರ ಪೆಟ್ಟಿಗೆಯಲ್ಲಿ ಎಚ್‌ಐವಿ ಚಿಕಿತ್ಸೆಯ ಎಜಡ್‌ಟಿ ಔಷಧ ಸಿಕ್ಕಿತೆಂದು ಮಿನೆಸೋಟದಲ್ಲಿ ಅವರನ್ನು ಬಂಧನದಲ್ಲಿಟ್ಟರು. ಮರುವರ್ಷ ಆರನೆಯ ಏಡ್ಸ್ ಸಮ್ಮೇಳನ ಅದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯಬೇಕಿತ್ತು. ಒತ್ತಡ ಏರಿದಾಗ ಸರ್ಕಾರ ಹತ್ತು ದಿನಗಳ ವಿಶೇಷ ವೀಸಾ ಕೊಡುವುದಾಗಿ, ಅದರಲ್ಲಿ ಸೋಂಕಿನ ವಿವರ ಕೇಳುವುದಿಲ್ಲವೆಂದು ಹೇಳಿತು. ಕಾನೂನನ್ನು ಹಾಗೇ ಉಳಿಸಿ ಅತಿಥಿಗಳಿಗೆ ಮಾತ್ರ ಕಿಟಕಿ ತೆರೆದ ಈ ಉಪಾಯವನ್ನು ಬಹಳ ಸಂಘಟನೆಗಳು ಒಪ್ಪಲಿಲ್ಲ. ರೆಡ್‌ಕ್ರಾಸ್ ಸೊಸೈಟಿಗಳ ಒಕ್ಕೂಟವೂ ಬಹಿಷ್ಕರಿಸಿದವರಲ್ಲಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಣೆಯಲ್ಲಿ ಬಾಸ್ಟನ್‌ಗೆ ನಿಗದಿಯಾಗಿದ್ದ 1992ರ ಸಮ್ಮೇಳನ ಆಂಸ್ಟರ್‌ಡ್ಯಾಮ್‌ಗೆ ಹೋಯಿತು. ನಿಷೇಧ ಕೊನೆಗೊಂಡದ್ದು 2010ರ ಜನವರಿಯಲ್ಲಿ, ಸಮ್ಮೇಳನ ಅಮೆರಿಕಕ್ಕೆ ಮರಳಿದ್ದು 2012ರಲ್ಲಿ.

ವಿಜ್ಞಾನದ ಸಭೆಗೆ ರಾಜಕೀಯ ಯಾಕೆ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ರಾಜಕೀಯವನ್ನು ಸಭೆಯೊಳಗೆ ತಂದವರು ಬಹಿಷ್ಕರಿಸಿದವರಲ್ಲ, ವಲಸೆ ಕಾಯಿದೆ ಬರೆದವರು. ರೋಗಿಯನ್ನು ಹೊರಗೆ ನಿಲ್ಲಿಸಿ ರೋಗದ ಚರ್ಚೆ ನಡೆಸುವುದು ತಟಸ್ಥ ನಿಲುವಲ್ಲ, ಆ ಕಾಯಿದೆಗೆ ಹಾಕಿದ ಒಪ್ಪಿಗೆಯ ರುಜು. ಬಹಿಷ್ಕಾರದಿಂದಲೇ ಕಾನೂನು ಬಿದ್ದುಹೋಯಿತೆಂದು ನಾನು ಹೇಳುವುದಿಲ್ಲ. ಇಪ್ಪತ್ತೆರಡು ವರ್ಷ ಹಿಡಿಯಿತು, ಕಾರಣಗಳು ಹಲವು. ಆದರೆ ಇದು ಊರಿನ ಮೇಲಿನ ಮುನಿಸಾಗಿರಲಿಲ್ಲ. ಯಾವ ಕಾನೂನು ಹೋದರೆ ಮರಳುತ್ತೇವೆಂದು ಹೇಳಿಯೇ ಹೊರನಡೆದಿದ್ದರು, ಅದು ಹೋದ ಮೇಲೆ ಮರಳಿದರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಕಷ್ಟದ ದೇಶಗಳಿಗೆ ಹೋಗಲೊಲ್ಲೆವೆಂದರೆ ಅಲ್ಲಿ ಒಂಟಿಯಾಗಿ ಹೋರಾಡುವವರನ್ನು ಕೈಬಿಟ್ಟಂತಾಗುವುದಿಲ್ಲವೇ? ಇದಕ್ಕೆ ಡರ್ಬನ್ ಉತ್ತರ ಕೊಡುತ್ತದೆ. 2000ದ ಜುಲೈನಲ್ಲಿ ಅಲ್ಲಿ ಸಮ್ಮೇಳನ ಸೇರಿದಾಗ ದಕ್ಷಿಣ ಆಫ್ರಿಕದ ಅಧ್ಯಕ್ಷ ಥಾಬೊ ಎಂಬೆಕಿ ಎಚ್‌ಐವಿಯೇ ಏಡ್ಸ್‌ಗೆ ಕಾರಣವೆಂಬುದನ್ನು ಬಹಿರಂಗವಾಗಿ ಸಂಶಯಿಸುತ್ತಿದ್ದರು. ಸರ್ಕಾರದ ಅಭಿಪ್ರಾಯ ನೋಡಿ ಊರು ಆರಿಸುವುದಾಗಿದ್ದರೆ ಡರ್ಬನ್ ಪಟ್ಟಿಯ ಕೊನೆಯಲ್ಲಿರುತ್ತಿತ್ತು. ಆದರೆ ಆ ದೇಶದ 1996ರ ಸಂವಿಧಾನ ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ನಿಷೇಧಿಸಿತ್ತು, ನ್ಯಾಯಾಲಯಗಳು ಸ್ವತಂತ್ರವಾಗಿದ್ದವು. ಐದು ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು, ವೈದ್ಯರು ರುಜು ಹಾಕಿದ ಡರ್ಬನ್ ಘೋಷಣೆ ಅಧ್ಯಕ್ಷರ ನಿಲುವನ್ನು ಅಲ್ಲಗಳೆಯಿತು. ಹೈಕೋರ್ಟ್ ನ್ಯಾಯಾಧೀಶ, ತಾವೇ ಸೋಂಕಿತರೆಂದು ಬಹಿರಂಗವಾಗಿ ಹೇಳಿಕೊಂಡಿದ್ದ ಎಡ್ವಿನ್ ಕ್ಯಾಮರೂನ್ ವೇದಿಕೆಯ ಮೇಲೆ ನಿಂತು ಸರ್ಕಾರವನ್ನು ಟೀಕಿಸಿದರು. ಅವರ ಹುದ್ದೆ ಹೋಗಲಿಲ್ಲ. ಮುಂದೆ ಅವರು ಸಂವಿಧಾನ ನ್ಯಾಯಾಲಯದ ಪೀಠಕ್ಕೇರಿದರು. ಚಿಕಿತ್ಸೆಯ ಹಕ್ಕಿಗಾಗಿ ಹೋರಾಡುವ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಸಂಘಟನೆ ಬೀದಿಗಿಳಿದು ಮೆರವಣಿಗೆ ನಡೆಸಿತು, ಎರಡು ವರ್ಷಗಳ ನಂತರ ಸೋಂಕು ಮಗುವಿಗೆ ತಗಲದಂತೆ ಗರ್ಭಿಣಿಯರಿಗೆ ನೆವಿರಪಿನ್ ಔಷಧ ಒದಗಿಸಬೇಕೆಂಬ ತೀರ್ಪನ್ನು ಅದೇ ನ್ಯಾಯಾಲಯದಿಂದ ಪಡೆಯಿತು. ಆಳುವವರು ನಮ್ಮ ಮಾತು ಒಪ್ಪುತ್ತಾರೋ ಇಲ್ಲವೋ ಎಂದು ನೋಡಬೇಕಾಗಿಲ್ಲ; ಒಪ್ಪದವರಿಗೆ, ಅದರಲ್ಲೂ ವಿದೇಶಿ ಅತಿಥಿಗಳು ವಿಮಾನ ಹತ್ತಿದ ಮೇಲೆ ಉಳಿಯುವ ಸ್ಥಳೀಯರಿಗೆ, ಅಲ್ಲಿ ಏನಾಗುತ್ತದೆಂದು ನೋಡಬೇಕು.

ಈ ಅಳತೆ ಕೊನೆಗೆ ಯುರೋಪು, ಉತ್ತರ ಅಮೆರಿಕಗಳ ಊರುಗಳಿಗೇ ಗೆಲುವು ಕೊಡುತ್ತದೆಂಬ ಅನುಮಾನವೂ ಸಹಜ. ನಿಜವಾಗಿ ಅಳೆದರೆ ಹಾಗಾಗುವುದಿಲ್ಲ. ಕೆನಡಾ ಬಹಳ ಉದಾರ ಕಾನೂನುಗಳ ದೇಶ. ಆದರೂ 2022ರ ಮಾಂಟ್ರಿಯಲ್ ಸಮ್ಮೇಳನಕ್ಕೆ ಆಫ್ರಿಕ, ಏಷ್ಯಗಳ ಎಷ್ಟೋ ಪ್ರತಿನಿಧಿಗಳಿಗೆ ವೀಸಾ ಸಿಗಲಿಲ್ಲ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಮುಖ್ಯಸ್ಥೆ ವಿನ್ನಿ ಬ್ಯಾನ್ಯಿಮಾ ಅವರನ್ನೇ ಜಿನೀವಾದಲ್ಲಿ ವಿಮಾನ ಹತ್ತಿಸಲು ತಕರಾರು ಮಾಡಿದ್ದರು. 2012ರ ವಾಷಿಂಗ್ಟನ್ನಿನಲ್ಲೂ ಬಾಗಿಲು ತೆರೆದದ್ದು ಅರ್ಧವೇ. ಸೋಂಕಿತರಿಗೆ ತಡೆ ಇರಲಿಲ್ಲ, ಲೈಂಗಿಕ ವೃತ್ತಿಯಲ್ಲಿದ್ದವರಿಗೆ ಅಮೆರಿಕದ ವಲಸೆ ಕಾನೂನಿನ ತಡೆ ಇದ್ದೇ ಇತ್ತು. ಹಾಗಾಗಿ ಜಗತ್ತಿನ ನೂರಾರು ಲೈಂಗಿಕ ಕಾರ್ಯಕರ್ತೆಯರು ಅದೇ ಜುಲೈನಲ್ಲಿ ದುರ್ಬಾರ್ ಮಹಿಳಾ ಸಮನ್ವಯ ಸಮಿತಿಯ ಆತಿಥ್ಯದಲ್ಲಿ ಕೋಲ್ಕತ್ತದಲ್ಲಿ ಸೇರಿ ಸಮಾನಾಂತರ ಸಮಾವೇಶ ನಡೆಸಿದರು. ಮೈಸೂರಿನ ಆಶೋದಯ ಸಮಿತಿಯಂಥ ಲೈಂಗಿಕ ಕಾರ್ಯಕರ್ತರ ಸಂಘಟನೆಗಳು ಕಾಂಡೋಮ್ ಹಂಚಿಕೆಯಿಂದ ಹಿಡಿದು ಚಿಕಿತ್ಸೆಯವರೆಗೆ ಸೋಂಕು ತಡೆಯ ಕೆಲಸವನ್ನು ತಮ್ಮ ಕೈಗೇ ತೆಗೆದುಕೊಂಡಿರುವುದನ್ನು ಬಲ್ಲ ಕನ್ನಡಿಗರಿಗೆ, ಇಂಥವರಿಲ್ಲದ ಸಭೆ ಏನನ್ನು ಕಳೆದುಕೊಂಡಿತೆಂದು ವಿವರಿಸಬೇಕಾಗಿಲ್ಲ.

ಹಾಗೆಂದು ನಮ್ಮ ದೇಶವೇ ಮಾದರಿಯೆಂದು ಬೀಗುವಂತಿಲ್ಲ. ಇಲ್ಲಿ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನಗಳಿಗೆ ಪ್ರತ್ಯೇಕ ವೀಸಾ ಇದೆ, ದೆಹಲಿಯ ಸಚಿವಾಲಯಗಳ ಅನುಮತಿ ಬೇಕು. ಸಲಿಂಗ ಸಂಬಂಧ ಅಪರಾಧವಲ್ಲವೆಂದು 2009ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು, 2018ರಲ್ಲಿ ಮತ್ತೆ ಅಪರಾಧವಲ್ಲವೆಂದಿತು. ದೊಡ್ಡ ಸಮ್ಮೇಳನಗಳಿಗೆ ಊರು ಆರಿಸುವುದು ಎರಡು ಮೂರು ವರ್ಷ ಮುಂಚೆ. 2012ರಲ್ಲಿ ಭಾರತವನ್ನು ಆರಿಸಿದ ಸಮಿತಿ 2014ರಲ್ಲಿ ಬೇರೆಯೇ ಕಾನೂನಿನ ದೇಶಕ್ಕೆ ತನ್ನವರನ್ನು ಕರೆತರಬೇಕಾಗುತ್ತಿತ್ತು. ಆಯ್ಕೆಯ ದಿನ ಒಮ್ಮೆ ಅಳೆದು ಕಡತ ಮುಚ್ಚಿದರೆ ಸಾಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಎಲ್ಲವನ್ನೂ ಆನ್‌ಲೈನ್ ಮಾಡಿಬಿಟ್ಟರೆ ಊರಿನ ತಂಟೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಪರದೆಯ ಮೇಲೆ ಕಾಣಿಸಿಕೊಳ್ಳುವವರೂ ಯಾವುದೋ ಒಂದು ದೇಶದ ಕಾನೂನಿನೊಳಗೆ ಕೂತೇ ಮಾತಾಡುತ್ತಾರೆ. 2021ರ ಜನವರಿಯಲ್ಲಿ ಭಾರತದ ಶಿಕ್ಷಣ ಸಚಿವಾಲಯ, ದೇಶದ ಭದ್ರತೆ ಮತ್ತು ಆಂತರಿಕ ವಿಷಯಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಆನ್‌ಲೈನ್ ಸಭೆಗಳಿಗೂ ಮುಂಚಿತ ಅನುಮತಿ ಬೇಕೆಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಪ್ರತಿಭಟಿಸಿ ಪತ್ರ ಬರೆಯಿತು. ಮುಂದಿನ ತಿಂಗಳು ಆದೇಶ ಹಿಂದೆ ಹೋಯಿತು.

ಉಳಿದದ್ದು ಹಣದ ಮಾತು, ಅದು ಸಣ್ಣದಲ್ಲ. ಸಭಾಂಗಣಕ್ಕೆ ಕೊಟ್ಟ ಮುಂಗಡ ಕೈತಪ್ಪುತ್ತದೆಂಬ ಭಯದಿಂದ ಎಷ್ಟೋ ಸಂಘಟನೆಗಳು, ತಪ್ಪು ಊರು ಎಂದು ಗೊತ್ತಾದ ಮೇಲೂ ಅಲ್ಲಿಗೇ ಹೋಗುತ್ತವೆ. ಆದ್ದರಿಂದ ಪ್ರವೇಶದ ಅಥವಾ ಮಾತಿನ ಮೇಲೆ ಹೊಸ ನಿರ್ಬಂಧ ಬಂದರೆ ದಂಡವಿಲ್ಲದೆ ಹಿಂದೆ ಸರಿಯಬಹುದೆಂಬ ಷರತ್ತು ಮೊದಲ ಒಪ್ಪಂದದಲ್ಲೇ ಇರಬೇಕು. ವೀಸಾ ನಿರಾಕರಣೆಯ ಅಂಕಿಅಂಶಗಳನ್ನು ಸಮ್ಮೇಳನ ಮುಗಿದ ಮೇಲೆ ಪ್ರಕಟಿಸಬೇಕು, ಮುಂದಿನ ಆಯ್ಕೆಯಲ್ಲಿ ಅವು ಹೋಟೆಲ್ ಕೋಣೆಗಳ ಸಂಖ್ಯೆಗಿಂತ ಮೇಲೆ ಕೂರಬೇಕು. ಅಪಾಯ ಯಾರ ಮೈಮೇಲೆ ಬರುತ್ತದೋ ಅವರಿಗೆ ಸಮಿತಿಯಲ್ಲಿ ಸಲಹೆಯ ಸ್ಥಾನವಲ್ಲ, ಮತ ಇರಬೇಕು. ಗೊತ್ತುಮಾಡಿದ ಊರಿನಿಂದ ಹಿಂದೆ ಸರಿಯುವುದು ಆಗದ ಮಾತೆನ್ನುವವರು 1991ರ ಆಗಸ್ಟ್‌ ತಿಂಗಳನ್ನು ನೋಡಬಹುದು: ಬಾಸ್ಟನ್ ಕೈಬಿಡುವ ತೀರ್ಮಾನ ಹೊರಬಿದ್ದಾಗ ಮುಂದಿನ ಸಮ್ಮೇಳನಕ್ಕೆ ಹನ್ನೊಂದು ತಿಂಗಳು ಮಾತ್ರ ಉಳಿದಿತ್ತು, ಆದರೂ 1992ರ ಜುಲೈನಲ್ಲಿ ಆಂಸ್ಟರ್‌ಡ್ಯಾಮ್‌ನಲ್ಲಿ ಸಭೆ ಸೇರಿತು.